ಹೊಸೂರಿನಲ್ಲಿ ಕೂತು ದೋಣಿ ಕಾಯುವುದು

ಹಾಯಿ ಹರಿಯಬಹುದಿತ್ತು. ಎಂಜಿನ್ನಿಗೆ ನೀರು ನುಗ್ಗಬಹುದಿತ್ತು. ಇಬ್ಬರೂ ನಿದ್ದೆಯಲ್ಲಿರುವಾಗ ಲಂಗರು ಕಿತ್ತುಕೊಂಡು ದೋಣಿ ತನ್ನ ಪಾಡಿಗೆ ತಾನು ಬಂಡೆಯ ಕಡೆ ನಡೆದುಬಿಡಬಹುದಿತ್ತು. ಯಾವುದೋ ಸರಕು ಹಡಗು ಕೆಳಗೇನಿದೆ ಎಂದು ನೋಡದೆ ಮೇಲೆ ಹಾದುಹೋಗಬಹುದಿತ್ತು. ಸಿಡಿಲು ಹುಡುಕಿಕೊಂಡು ಬಂದು ಹಾಯಿಕಂಬಕ್ಕೇ ಹೊಡೆಯಬಹುದಿತ್ತು. ಸುತ್ತಮುತ್ತ ಅದಕ್ಕಿಂತ ಎತ್ತರದ್ದು ಇನ್ನೇನೂ ಇರುವುದಿಲ್ಲವಲ್ಲ. ಗ್ಯಾಸ್ ಸೋರಬಹುದಿತ್ತು. ಕಡಲುಗಳ್ಳರು, ಜೆಲ್ಲಿ ಮೀನು, ಅಪೆಂಡಿಸೈಟಿಸ್, ಪಾಸ್‌ಪೋರ್ಟು ನೀರಿಗೆ ಬೀಳುವುದು. ಇವು ಯಾವುವೂ ಆಗದಿದ್ದರೆ, ಆರು ತಿಂಗಳು ಅಷ್ಟು ಚಿಕ್ಕ ಜಾಗದಲ್ಲಿ ಮುಖ ಮುಖ ನೋಡಿಕೊಂಡಿದ್ದ ಗಂಡ ಹೆಂಡತಿ ಮಾತು ಬಿಟ್ಟು, ಒಬ್ಬರು ಎಡಕ್ಕೆ ಇನ್ನೊಬ್ಬರು ಬಲಕ್ಕೆ ಚುಕ್ಕಾಣಿ ತಿರುಗಿಸಬಹುದಿತ್ತು.

ಈ ಪಟ್ಟಿಯನ್ನು ನಾನು ತಯಾರಿಸಿದ್ದು ಹೊಸೂರಿನಲ್ಲಿ, ಮನೆಯ ಮಹಡಿಯ ಮೇಲೆ, ಬಟ್ಟೆ ಒಣಗುವ ತಂತಿಯ ಕೆಳಗೆ ಕೂತು. ಇಲ್ಲಿಂದ ಯಾವ ದಿಕ್ಕಿಗೆ ಬಸ್ಸು ಹತ್ತಿದರೂ ಸಮುದ್ರ ಸಿಗಲು ಒಂದು ಹಗಲು ಬೇಕು. ನಮ್ಮ ಕಡೆಯವರು ಕಂಡ ದೊಡ್ಡ ನೀರೆಂದರೆ ಕೃಷ್ಣಗಿರಿ ಡ್ಯಾಮು, ಅದೂ ಮೇಲಿನಿಂದ. ಹೊಗೇನಕಲ್ಲಿನಲ್ಲಿ ನಾನೊಮ್ಮೆ ಹರಿಗೋಲು ಹತ್ತಿದ್ದುಂಟು. ದಡಕ್ಕೆ ಬಂದ ಮೇಲೆ ಅಂಬಿಗನಿಗೆ ತನ್ನ ತೋಳನ್ನು ನನ್ನ ಕೈಯಿಂದ ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಇಂಥವನಿಗೆ ಒಂದು ಹಾಯಿದೋಣಿಯ ಕ್ಷೇಮದ ಜವಾಬ್ದಾರಿ ಬಂದದ್ದು ಹೇಗೆ ಎಂದು ನೀವು ಕೇಳಬೇಕು. ನಾನೂ ಕೇಳಿಕೊಂಡಿದ್ದೇನೆ.

ದೋಣಿಯಲ್ಲಿದ್ದವರು ನನ್ನ ತಂಗಿ ರತ್ನ ಮತ್ತು ಅವಳ ಗಂಡ ಮುನಿರಾಜು. ಮುನಿರಾಜು ಉದ್ದನಪಲ್ಲಿಯ ರೈತರ ಮನೆಯವನು. ಹಡಗಿನ ಎಂಜಿನಿಯರಿಂಗ್ ಓದಿ ಇಪ್ಪತ್ತೆಂಟು ವರ್ಷ ಸರಕು ಹಡಗುಗಳ ಹೊಟ್ಟೆಯೊಳಗೆ ದುಡಿದ. ಪ್ರಪಂಚದ ಸಮುದ್ರಗಳನ್ನೆಲ್ಲ ದಾಟಿದ್ದಾನೆ, ಒಂದನ್ನೂ ಸರಿಯಾಗಿ ನೋಡಿಲ್ಲ. ಎಂಜಿನ್ ಕೋಣೆಗೆ ಕಿಟಕಿ ಇರುವುದಿಲ್ಲ. ಕೆಲಸ ಬಿಟ್ಟ ಮೇಲೆ ಅವನ ಓರಗೆಯವರೆಲ್ಲ ಸೈಟು, ಮಾವಿನ ತೋಪು ಎಂದು ಹುಡುಕುತ್ತಿದ್ದಾಗ ಇವನು ಮಲೇಷ್ಯಾದ ಲಂಕಾವಿ ದ್ವೀಪಕ್ಕೆ ಹೋಗಿ, ಯಾರೋ ಸಾಕಾಗಿ ಮಾರಿದ ಹಾಯಿದೋಣಿಯೊಂದನ್ನು ಕೊಂಡುಬಿಟ್ಟ. ಯಾಕಪ್ಪಾ ಎಂದು ಕೇಳಿದ್ದಕ್ಕೆ ಅವನು ಹೇಳಿದ್ದು ಇಷ್ಟೇ: "ಇಷ್ಟು ದಿನ ಕೆಳಗಿದ್ದೆ ಭಾವ. ಇನ್ಮೇಲೆ ಮೇಲೆ ಕೂತ್ಕೊಂಡು ಹೋಗ್ತೀನಿ."

ರತ್ನ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಲೆಕ್ಕದ ಟೀಚರು ಇದಕ್ಕೆ ಒಪ್ಪುವುದಿಲ್ಲ ಎಂದು ನಾನು ನಂಬಿದ್ದೆ. ಅವಳು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಈಜು ಕಲಿತು, ಸ್ವಯಂ ನಿವೃತ್ತಿ ತೆಗೆದುಕೊಂಡು, ರಾಗಿಹಿಟ್ಟು, ಹುರುಳಿಕಾಳು ಮತ್ತು ಒಂದು ಮಿಕ್ಸಿಯನ್ನು ಕಟ್ಟಿಕೊಂಡು ಹೊರಟಳು. ಕೆಲಮಂಗಲದ ನಮ್ಮ ಚಿಕ್ಕಮ್ಮ ಹೊಸ ಗಾಡಿಯ ಚಕ್ರಕ್ಕೆಂದು ನಾಲ್ಕು ನಿಂಬೆಹಣ್ಣು ಕೊಟ್ಟು ಕಳಿಸಿದ್ದರು. ದೋಣಿಗೆ ಚಕ್ರ ಇಲ್ಲವೆಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅಲ್ಲಿ ಮುನಿರಾಜು ಹಣ್ಣೊಂದನ್ನು ಲಂಗರಿನ ಕೆಳಗಿಟ್ಟು ಅದುಮಿದನಂತೆ; ಉಳಿದ ಮೂರನ್ನು ರತ್ನ ಚಿತ್ರಾನ್ನಕ್ಕೆ ಹಿಂಡಿದಳು.

ಇನ್ನು ನನ್ನ ವಿಷಯ. ನಾನು ಇಲ್ಲಿನ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ನಾವು ಮಾಡುವುದು ಬ್ರೇಕಿನ ಬಿಡಿಭಾಗ. ಹೊಸ ಭಾಗವೊಂದು ತಯಾರಾಗುವ ಮೊದಲು ಅದರಲ್ಲಿ ಏನೇನು ಕೆಡಬಹುದು, ಕೆಟ್ಟರೆ ಎಷ್ಟು ಅನಾಹುತ, ಕೆಡುವುದು ಮೊದಲೇ ಗೊತ್ತಾಗುತ್ತದೆಯೇ ಎಂದು ಕೋಷ್ಟಕ ಹಾಕಿ ಬರೆಯುವುದು ನನ್ನ ಕೆಲಸ. ಅಂದರೆ ಚಿಂತೆ ಮಾಡುವುದಕ್ಕೇ ನನಗೆ ಸಂಬಳ. ಬೇರೆಯವರು ಸಂಜೆ ಕಾರ್ಡು ಒತ್ತಿ, ಕೆಲಸವನ್ನು ಅಲ್ಲೇ ಬಿಟ್ಟು ಮನೆಗೆ ಹೋಗುತ್ತಾರೆ. ನಾನು ಮನೆಗೆ ಬಂದು ಓವರ್‌ಟೈಮ್ ಶುರು ಮಾಡುತ್ತೇನೆ. ಗೇಟಿಗೆ ಬೀಗ ಹಾಕಿದೆನೇ ಎಂದು ನೋಡಲು ಮೂರು ಸಲ ಇಳಿಯುತ್ತೇನೆ. ಮೂರನೆಯ ಸಲ ಬೀಗವನ್ನು ಎಳೆದೂ ಎಳೆದೂ ಈಗ ಅದು ನಿಜವಾಗಿಯೇ ಸಡಿಲವಾಗಿದೆ.

ನನ್ನಂಥವರ ಪರವಾಗಿ ಒಂದು ಮಾತು ಹೇಳಬೇಕು. ನಾನು ಇದುವರೆಗೆ ಚಿಂತಿಸಿದ ಯಾವ ದುರಂತವೂ ನಡೆದಿಲ್ಲ. ನಡೆದ ದುರಂತಗಳೆಲ್ಲ ನಾನು ಚಿಂತಿಸಲು ಮರೆತಂಥವು. ಇದರಿಂದ ಚಿಂತೆಗೆ ತಡೆಯುವ ಶಕ್ತಿ ಇದೆ ಎಂದು ನಾನು ಸಾಧಿಸಲಾರೆ. ಇಲ್ಲ ಎಂದು ನೀವೂ ಸಾಧಿಸಲಾರಿರಿ. ಕಾರ್ಖಾನೆಯಲ್ಲಿ ಈ ವಾದ ಮಂಡಿಸಿದಾಗ ನನ್ನ ಕೈಕೆಳಗಿನ ಸೆಲ್ವಂ ಸ್ವಲ್ಪ ಯೋಚಿಸಿ, ತನ್ನ ತಮಿಳು ಬೆರೆತ ಕನ್ನಡದಲ್ಲಿ, "ಅಪ್ಪೋ, ನಂ ಇನ್‌ಕ್ರಿಮೆಂಟ್ ಬಗ್ಗೆ ಮಾತ್ರ ಚಿಂತೆ ಮಾಡ್ಬೇಡಿ ಸಾರ್, ಬಂದ್ಬಿಡ್ಲಿ" ಎಂದ.

ಅವರು ಹೊರಟ ಎರಡನೆಯ ವಾರದ ಒಂದು ಮಧ್ಯಾಹ್ನ ರತ್ನಳ ಫೋನು ನಾಲ್ಕು ಗಂಟೆ ಹೊತ್ತು ಸಿಗಲಿಲ್ಲ. ನಾನು ಅಲ್ಲಿನ ಬಂದರಿನ ಕಚೇರಿಗೆ ಫೋನು ಮಾಡಿಬಿಟ್ಟೆ. ನನ್ನ ಇಂಗ್ಲಿಷು, ಅವರ ಇಂಗ್ಲಿಷು ಸೇರಿ ಏನಾಯಿತೋ, ಸಮವಸ್ತ್ರದ ಇಬ್ಬರು ಮೋಟಾರು ದೋಣಿಯಲ್ಲಿ ಹಗ್ಗ, ಟ್ಯೂಬು, ಸ್ಟ್ರೆಚರು ಹೊತ್ತು ಧಾವಿಸಿದರು. ಬಂದರಿನಿಂದ ಕೂಗಳತೆಯಲ್ಲಿ ನಿಂತಿದ್ದ ದೋಣಿಯಲ್ಲಿ ನನ್ನ ತಂಗಿ ತಲೆಗೆ ಹರಳೆಣ್ಣೆ ಹಚ್ಚಿಕೊಂಡು ಕೂತಿದ್ದಳು, ಮುನಿರಾಜು ಪಟ್ಟಾಪಟ್ಟಿ ಚಡ್ಡಿಯಲ್ಲಿ ಗೊರಕೆ ಹೊಡೆಯುತ್ತಿದ್ದ. ಬಂದವರು ಮರ್ಯಾದಸ್ಥರು, ಸ್ಟ್ರೆಚರನ್ನು ಹಿಂದಕ್ಕೆ ಸರಿಸಿ ಕಾಫಿ ಕುಡಿದು ಹೋದರಂತೆ.

ಸಂಜೆ ರತ್ನ ಫೋನು ಮಾಡಿದಳು. "ಅಣ್ಣ, ನೀನು ಹೆಂಗಿದ್ರೂ ಯೋಚ್ನೆ ಮಾಡ್ತೀಯ. ಅದನ್ನೇ ಒಂದ್ ಟೈಮ್‌ಟೇಬಲ್ ಹಾಕ್ಕೊಂಡು ಮಾಡು."

ಟೈಮ್‌ಟೇಬಲ್ ಅವಳೇ ಹಾಕಿಕೊಟ್ಟಳು. ದೂರದ ದ್ವೀಪಗಳ ನಡುವೆ ಫೋನಿಗೆ ಸಿಗ್ನಲ್ ಇರುವುದಿಲ್ಲ. ಅದಕ್ಕೆಂದು ಅವರಲ್ಲಿ ಅಂಗೈಯಗಲದ ಒಂದು ಪೆಟ್ಟಿಗೆ ಇತ್ತು, ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಒಂದು ಸಾಲಿನ ಸಂದೇಶ ಬರುತ್ತದೆ. ನಮ್ಮ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಆ ಸಾಲು ನನ್ನ ಫೋನಿಗೆ ಬರಬೇಕು. ಬರದಿದ್ದರೆ ನಾನು ಹನ್ನೆರಡು ಗಂಟೆ ಕಾಯಬೇಕು. ಆಮೇಲೂ ಬರದಿದ್ದರೆ ಮಾತ್ರ, ಕಡಲಲ್ಲಿ ಸಿಕ್ಕಿಕೊಂಡವರನ್ನು ಹುಡುಕುವ ರಕ್ಷಣಾ ಕಚೇರಿಯ ನಂಬರಿಗೆ ಕರೆ. ಸಮುದ್ರದಲ್ಲಿ ಸುತ್ತುವವರೆಲ್ಲ ಹೀಗೆ ದಡದಲ್ಲಿ ಒಬ್ಬನನ್ನು ನೇಮಿಸಿಕೊಂಡಿರುತ್ತಾರಂತೆ. ಸಂದೇಶದ ಸಾಲು ಏನಿರಬೇಕೆಂಬ ಚರ್ಚೆಯಲ್ಲಿ ಮುನಿರಾಜು ಹಡಗಿನವರ ಇಂಗ್ಲಿಷಿನಲ್ಲಿ ಏನೋ ಸೂಚಿಸಿದ. ರತ್ನ ಅದನ್ನು ತಳ್ಳಿಹಾಕಿ "ತಿಂಡಿ ಆಯ್ತು" ಎಂದು ಇಂಗ್ಲಿಷ್ ಅಕ್ಷರದಲ್ಲಿ ಹಾಕಿಸಿದಳು. ನಮ್ಮ ಕಡೆ ಜೀವಂತ ಇದ್ದೇವೆ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಇಲ್ಲ.

"ಹನ್ನೆರಡು ಗಂಟೆ ಅಂದ್ರೆ ಹನ್ನೆರಡು ಗಂಟೆ ಭಾವ," ಎಂದ ಮುನಿರಾಜು. "ಹನ್ನೊಂದೂಮುಕ್ಕಾಲಿಗೂ ಮಾಡ್ಬೇಡಿ. ಇನ್ನೊಂದ್ಸಲ ಸುಮ್‌ಸುಮ್ನೆ ಅವರನ್ನ ಓಡಿಸಿದ್ರೆ ನಮ್ಮನ್ನ ಬಂದರು ಬಿಟ್ಟು ಹೊರಗೇ ಕಳ್ಸಲ್ಲ."

"ಹಂಗೇನಾದ್ರೂ ಮಾಡುದ್ರೆ ಈ ಕೆಲ್ಸ ಇವರ ತಮ್ಮನ್ಗೆ ಕೊಟ್‌ಬುಡ್ತೀನಿ," ಎಂದಳು ರತ್ನ. "ನಿಂಗೆ ಮೆಸೇಜೂ ಇಲ್ಲ ಏನೂ ಇಲ್ಲ."

ಆ ಬೆದರಿಕೆ ನನಗೆ ನಾಟಿತು. ನಾನು ಮಾತು ಕೊಟ್ಟೆ. ಮೂರೂವರೆ ತಿಂಗಳು ಆ ಸಾಲು ತಪ್ಪದೆ ಬಂತು. ಅದು ಬಂದ ಮೇಲೆ ನಾನು ಸ್ನಾನಕ್ಕೆ ಹೋಗುತ್ತಿದ್ದೆ. ಬೇರೆಯವರು ಬೆಳಿಗ್ಗೆ ದೇವರಿಗೆ ಕೈ ಮುಗಿಯುವ ಹಾಗೆ ನಾನು ಆ ಎರಡು ಪದ ಓದುತ್ತಿದ್ದೆ.

ಒಂದು ಗುರುವಾರ ಅದು ಬರಲಿಲ್ಲ.

ಎಂಟೂ ಹತ್ತು. ಎಂಟೂಕಾಲು. ಫೋನನ್ನು ಆರಿಸಿ ಹಚ್ಚಿದೆ. ಕಿಟಕಿಯ ಹತ್ತಿರ ಹಿಡಿದೆ, ಉಪಗ್ರಹಕ್ಕೆ ಅನುಕೂಲವಾಗಲೆಂದು. ನನ್ನ ಹೆಂಡತಿ ಇದನ್ನೆಲ್ಲ ನೋಡಿ, "ಹೋಗಿ ಸ್ನಾನ ಮಾಡಿ. ಸಮುದ್ರದಲ್ಲಿರೋದು ಅವ್ರು, ನೀವಲ್ಲ" ಎಂದಳು. ಸ್ನಾನದ ಮನೆಯೊಳಗೆ ಫೋನು ಒಯ್ಯುವಾಗ ಮಾತ್ರ ಅವಳೇ ಅದಕ್ಕೊಂದು ಪ್ಲಾಸ್ಟಿಕ್ ಕವರು ತಂದುಕೊಟ್ಟಳು. ತಿಂಡಿಗೆ ಕೂತಾಗ ತನ್ನ ತಟ್ಟೆಯ ಇಡ್ಲಿಯನ್ನು ಅವಳು ಮುರಿದೇ ಇರಲಿಲ್ಲ ಎನ್ನುವುದನ್ನೂ ನಾನು ಗಮನಿಸಿದೆ.

ಕಾರ್ಖಾನೆಗೆ ಹೋದೆ. ಎರಡು ಯೋಚನೆಗಳು ನನ್ನನ್ನು ಹಂಚಿಕೊಂಡು ತಿನ್ನುತ್ತಿದ್ದವು. ಈಗಲೇ ಫೋನು ಮಾಡಿ, ಅವರು ಕ್ಷೇಮವಾಗಿದ್ದರೆ, ಅವರ ತಿರುಗಾಟಕ್ಕೆ ನಾನೇ ಕಲ್ಲು ಹಾಕಿದಂತೆ. ಮಾಡದೆ ಕಾದು, ಅವರು ನಿಜವಾಗಿಯೂ ನೀರಿನಲ್ಲಿದ್ದರೆ... ಈ ಎರಡನೆಯ ವಾಕ್ಯವನ್ನು ನಾನು ಆ ದಿನವೂ ಮುಗಿಸಲಿಲ್ಲ. ಹನ್ನೊಂದು ಗಂಟೆಗೆ ರಕ್ಷಣಾ ಕಚೇರಿಯ ನಂಬರನ್ನು ಕೊನೆಯ ಅಂಕಿಯೊಂದನ್ನು ಬಿಟ್ಟು ಪೂರ್ತಿ ಒತ್ತಿದೆ. ಒತ್ತಿ, ಅಳಿಸಿದೆ. ಒಂದು ಗಂಟೆಗೆ ಮತ್ತೆ ಹಾಗೇ ಮಾಡಿದೆ. ಮನಸ್ಸು ನಿಲ್ಲಲೆಂದು ಬಿಡಿಭಾಗಗಳ ತಪಾಸಣೆಗೆ ಕೂತರೆ ಒಂದು ಇಡೀ ಟ್ರೇಯನ್ನು ತಿರಸ್ಕರಿಸಿಬಿಟ್ಟೆ. ಸೆಲ್ವಂ ಬಂದು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದ.

"ಎನ್ನ ಸಾರ್, ಇದ್ರಲ್ಲಿ ಏನಿದೆ?"

"ಗೀರು."

"ಕನ್ನಡಕ ಒರೆಸ್ಕೊಳ್ಳಿ ಸಾರ್," ಎಂದು ಹೇಳಿ ಟ್ರೇ ಎತ್ತಿಕೊಂಡು ಹೋದ.

ಮಧ್ಯಾಹ್ನ ನಾನು ಕಾರ್ಖಾನೆಯ ಕೋಷ್ಟಕದ ಹಾಳೆಯನ್ನೇ ತೆಗೆದುಕೊಂಡು, ಭಾಗದ ಹೆಸರು ಬರೆಯುವ ಜಾಗದಲ್ಲಿ "ರತ್ನ" ಎಂದು ಬರೆದೆ. ಸಂದೇಶ ಬಾರದಿರಲು ಕಾರಣಗಳು ಎಂದು ಕೆಳಗೆ ಸಾಲಾಗಿ ಇಳಿಸಿದೆ. ಲೆಕ್ಕ ಹಾಕಿದರೆ ಅತಿ ಹೆಚ್ಚು ಸಂಭವ ಇದ್ದದ್ದು ಪೆಟ್ಟಿಗೆ ಕೆಟ್ಟಿರುವುದಕ್ಕೆ, ಅತಿ ಕಡಿಮೆ ಇದ್ದದ್ದು ದೋಣಿ ಮುಳುಗಿರುವುದಕ್ಕೆ. ಬೇರೆಯವರ ಬ್ರೇಕಿನ ವಿಷಯದಲ್ಲಿ ನಾನು ಈ ಲೆಕ್ಕವನ್ನು ಇಪ್ಪತ್ತು ವರ್ಷದಿಂದ ನಂಬಿದ್ದೇನೆ. ಅಂದು ಅದೇ ಹಾಳೆಯ ಮೇಲೆ ಕೈಯಿಟ್ಟುಕೊಂಡು ಕೂತೆ. ಬೆವರಿಗೆ ಅಕ್ಷರ ಕಲೆಸಿಹೋಯಿತು. ಆದರೂ ಫೋನು ಮಾಡಲಿಲ್ಲ. ನನ್ನ ಜೀವನದಲ್ಲಿ ನಾನು ಮಾಡಿದ ಅತಿ ಸಾಹಸದ ಕೆಲಸವೆಂದರೆ ಆ ದಿನ ಏನೂ ಮಾಡದಿದ್ದದ್ದು.

ನಾಲ್ಕೂ ಹತ್ತಕ್ಕೆ ಫೋನು ಸಣ್ಣಗೆ ಗುಂಯ್ ಎಂದಿತು. ತಿಂಡಿ ಆಯ್ತು.

ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡು ಬಂದೆ. ಹೆಂಡತಿಗೆ ತಿಳಿಸಿದಾಗ ಅವಳು "ನಾನಾಗ್ಲೇ ಅಂದ್ಕೊಂಡಿದ್ದೆ" ಎಂದು ಕೂಡಲೇ ಫೋನು ಇಟ್ಟಳು. ಬೆಳಗಿನ ಇಡ್ಲಿಯನ್ನು ಆಗ ತಿಂದಿರಬೇಕು.

ಆರು ಗಂಟೆಯ ಹೊತ್ತಿಗೆ, ನಾನು ಮನೆಗೆ ಬಂದು ಕೂತಾಗ, ಅವರಿಗೆ ಯಾವುದೋ ದ್ವೀಪದ ಪಕ್ಕ ಸಿಗ್ನಲ್ ಸಿಕ್ಕಿ ರತ್ನಳ ಕರೆಯೇ ಬಂತು. ನಡೆದದ್ದು ಇಷ್ಟು. ಹಿಂದಿನ ದಿನ ಕಾಯಿ ಚಟ್ನಿ ರುಬ್ಬಲು ಮಿಕ್ಸಿ ಹಾಕಬೇಕಾಗಿತ್ತು. ದೋಣಿಯಲ್ಲಿ ಇರುವುದು ಒಂದೇ ಪ್ಲಗ್ಗು. ಪೆಟ್ಟಿಗೆಯ ಚಾರ್ಜರು ಕಿತ್ತು ಮಿಕ್ಸಿ ಸಿಕ್ಕಿಸಿದವಳು ಮತ್ತೆ ಬದಲಾಯಿಸಲು ಮರೆತಿದ್ದಳು. ಬೆಳಿಗ್ಗೆ ಗುಂಡಿ ಒತ್ತಿದ್ದಾಳೆ, ಹೋಯಿತು ಎಂದುಕೊಂಡಿದ್ದಾಳೆ. ಪೆಟ್ಟಿಗೆ ಸತ್ತಿರುವುದು ಕಂಡದ್ದು ಮಧ್ಯಾಹ್ನ, ಅದು ಚಾರ್ಜಾಗಿ ಸಂದೇಶ ಹೊರಡುವಷ್ಟರಲ್ಲಿ ನಮ್ಮ ನಾಲ್ಕು ಗಂಟೆ ದಾಟಿತ್ತು. ನನ್ನ ಕೋಷ್ಟಕದಲ್ಲಿ ಕಡಲುಗಳ್ಳರಿದ್ದರು, ತಿಮಿಂಗಿಲವಿತ್ತು, ಚಟ್ನಿ ಇರಲಿಲ್ಲ.

ಮೊದಲು ಮುನಿರಾಜು ಮಾತಾಡಿದ. "ಪಾಸಾಗ್ಬುಟ್ರಿ ಭಾವ," ಎಂದ. "ನಾನು ಹೆಲಿಕಾಪ್ಟರ್ ಬತ್ತದೆ ಅಂತ ಪ್ಯಾಂಟ್ ಹಾಕ್ಕೊಂಡು ಕೂತಿದ್ದೆ." ನಾನು ಬಹಳ ಹೆಮ್ಮೆಯಿಂದ, ಅದಕ್ಕೇನಂತೆ ಎನ್ನುವ ಧಾಟಿಯಲ್ಲಿ ನಕ್ಕೆ. ಆಮೇಲೆ ರತ್ನ ಫೋನು ತೆಗೆದುಕೊಂಡಳು.

"ಅಣ್ಣ, ಎಷ್ಟೊತ್ತಿಗೆ ಫೋನ್ ಮಾಡ್ದೆ ರಕ್ಷಣಾ ಆಫೀಸ್ಗೆ?"

"ಮಾಡ್ಲಿಲ್ಲ."

"ಹತ್ತು ಗಂಟೆಗೂ ಮಾಡ್ಲಿಲ್ವಾ?"

"ಇಲ್ಲ."

"ಮಧ್ಯಾಹ್ನ?"

"ಇಲ್ಲಮ್ಮ. ನೀನೇ ತಾನೆ ಬೇಡ ಅಂದಿದ್ದು."

"ಅಂದಿದ್ದೆ." ದೋಣಿಗೆ ನೀರು ಬಡಿಯುವ ಸದ್ದು ಕೇಳುತ್ತಿತ್ತು. "ಅಂದ್ರೆ ನಾವು ಮುಳುಗೋಗಿದ್ರೂ ನೀನು ಎಂಟ್ ಗಂಟೆ ತಂಕ ಕೂತಿರ್ತಿದ್ದೆ."

ಆ ಪ್ರಶ್ನೆಗೆ, ಅದು ಪ್ರಶ್ನೆಯಾಗಿದ್ದರೆ, ನಿಯಮದ ಪ್ರಕಾರ ಉತ್ತರ ಹೌದು. ಒತ್ತಿ ಅಳಿಸಿದ ಅಂಕಿಗಳ ಕಥೆ ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಅವಳು, "ಅತ್ತಿಗೆ ಇದಾರಾ? ಅವ್ರ ಕೈಗೆ ಕೊಡು" ಎಂದಳು.

ಅವರು ಇನ್ನೂ ಎರಡೂವರೆ ತಿಂಗಳು ತಿರುಗಿ, ಹೋಗುವಾಗ ಇದ್ದದ್ದಕ್ಕಿಂತ ಒಂದು ಸುತ್ತು ದಪ್ಪಗಾಗಿ, ದೋಣಿಗೆ ಒಂದು ಗೀರೂ ಇಲ್ಲದೆ ಲಂಕಾವಿಗೆ ಮರಳಿದರು. ಹಾಯಿ ಹರಿಯಲಿಲ್ಲ, ಲಂಗರು ಕೀಳಲಿಲ್ಲ, ಗಂಡ ಹೆಂಡತಿ ಒಂದೇ ದಿಕ್ಕಿಗೆ ಚುಕ್ಕಾಣಿ ತಿರುಗಿಸಿದರು. ಇಡೀ ಪ್ರಯಾಣದಲ್ಲಿ ಕೆಟ್ಟದ್ದು ಒಂದೇ. ಹುಟ್ಟಿದಾಗಿನಿಂದ ನನ್ನ ಗಾಬರಿಗೆ ಬೈದುಕೊಂಡೇ ಬೆಳೆದ ನನ್ನ ತಂಗಿಗೆ, ಒಂದು ದಿನ ಆ ಗಾಬರಿ ಅವಳ ಮಾತು ಕೇಳಿ ತೆಪ್ಪಗಿದ್ದದ್ದಕ್ಕೆ ಬೇಸರವಾಯಿತು.