ಮೇನ್ ಸ್ವಿಚ್ ಆರಿಸಿದ್ದೆನೆ?

ನನ್ನ ಬೈಕಿಗೆ ಕಿಕ್ಕರ್ ಇಲ್ಲ. ಗುಂಡಿ ಒತ್ತಿದರೆ ಶುರುವಾಗಬೇಕು, ಇಲ್ಲವಾದರೆ ಬೀದಿಯ ತುದಿಯವರೆಗೆ ಯಾರಾದರೂ ನೂಕಬೇಕು. ಕಾಲೇಜಿಗೆ ನಡೆದೇ ಹೋಗುತ್ತೇನೆ. ಭಾನುವಾರ ಬೆಳಿಗ್ಗೆ ಮಾತ್ರ ಆದೋನಿಯಿಂದ ಚಿಪ್ಪಗಿರಿ ಕಡೆಗೆ ಒಬ್ಬನೇ ಹೋಗಿ, ಚಹಾ ಕುಡಿದು ಬರುತ್ತೇನೆ. ವಾರದಲ್ಲಿ ಯಾರಿಗೂ ಉತ್ತರ ಕೊಡಬೇಕಿಲ್ಲದ ಹೊತ್ತು ಅದೊಂದೇ. ಆದರೆ ಎರಡು ಬೇಸಿಗೆ ರಜೆಗಳಲ್ಲಿ ಮನೆಗೆ ಬೀಗ ಹಾಕಿ ಹೋಗಿ ಬರುವಷ್ಟರಲ್ಲಿ ಎರಡು ಬ್ಯಾಟರಿ ಸತ್ತಿದ್ದವು.

"ಮೂರನೇದೂ ಹೋತಂದ್ರ ಗಾಡೀನೂ ಹೋಗ್ಬೇಕು ನೋಡ್ರಿ. ಮಾರಿಬಿಡೋಣು" ಎಂದಳು ಹೆಂಡತಿ. ನಾನು ಒಪ್ಪಿಕೊಂಡೆನಂತೆ. ನನಗೆ ನೆನಪಿರುವುದು ಸುಮ್ಮನಿದ್ದದ್ದು.

ಮೂರನೇ ಬ್ಯಾಟರಿ ಕೂರಿಸುತ್ತಾ ಮೆಕ್ಯಾನಿಕ್ ನಕ್ಕ. "ಮೇಷ್ಟ್ರ ಗಾಡಿ ಮೇಷ್ಟ್ರಂಗ ಐತಿ ಸಾರ್, ರಜಾ ಬಂತಂದ್ರ ಮಲಗಿಬಿಡ್ತತಿ. ಓಡಿಸಿದ್ರ ಬ್ಯಾಟರಿಗೆ ಏನೂ ಆಗಂಗಿಲ್ಲ, ನಿಂದ್ರಿಸಿದ್ರನ ಸಾಯ್ತತಿ." ಅಂಗೈಯಗಲದ ಚಾರ್ಜರೊಂದನ್ನು ಕೊಟ್ಟ. "ಇದನ್ನ ಹಚ್ಚಿ ಮರತುಬಿಡ್ರಿ. ತುಂಬಿದ್ರ ತಾನೇ ನಿಲ್ತತಿ, ಇಳಿದ್ರ ತಾನೇ ಕೊಡ್ತತಿ. ಹಸಿರು ದೀಪ ಬಂತಾ, ಅಷ್ಟೇ. ಟೆನ್ಷನ್ ಲೇದು" ಎಂದು ತೆಲುಗಿನಲ್ಲಿ ಮುಗಿಸಿದ.

ಈ ಬೇಸಿಗೆಯಲ್ಲಿ ಬಳ್ಳಾರಿಯಲ್ಲಿರುವ ಹೆಂಡತಿಯ ಅಕ್ಕ ಬಿದ್ದು ಕಾಲು ಮುರಿದುಕೊಂಡರು. ನಲವತ್ತು ದಿನ ಅಲ್ಲಿರಬೇಕಾಯಿತು. ಹೊರಡುವ ಹಿಂದಿನ ದಿನವೇ ಪಡಸಾಲೆಯಲ್ಲಿ ಬೈಕಿಗೆ ಚಾರ್ಜರ್ ಹಚ್ಚಿ, ಹಸಿರು ದೀಪ ನೋಡಿದೆ. ಬೆಳಿಗ್ಗೆ ಫ್ರಿಜ್ ಖಾಲಿ ಮಾಡಿ, ಪ್ಲಗ್ ಕಿತ್ತು, ಅದರ ಬಾಗಿಲು ತೆರೆದಿಟ್ಟು, ಮನೆಗೆ ಬೀಗ ಹಾಕಿ ಆಟೊ ಹತ್ತಿದೆವು. ಶೇಂಗಾ ಪುಡಿಯ ಡಬ್ಬಿ ಮರೆತೆನೆಂದು ಹೆಂಡತಿ ಬೀಗದ ಕೈ ಇಸಿದುಕೊಂಡು ಒಳಗೆ ಹೋಗಿ ಬಂದಳು.

ಬಸ್ಸು ಹಾಲಹರವಿ ದಾಟುವಾಗ ಮೇನ್ ಸ್ವಿಚ್ ನೆನಪಾಯಿತು. ಊರು ಬಿಡುವಾಗ ಅದನ್ನು ಆರಿಸುವುದು ನಮ್ಮ ಮನೆಯ ಪದ್ಧತಿ. ಗ್ಯಾಸ್ ಅವಳದು, ಮೇನ್ ನನ್ನದು. ಈ ಸಲವೂ ಕೈ ತಾನಾಗಿ ಅದನ್ನು ಕೆಳಕ್ಕೆ ಎಳೆಯಿತೆ? ಟಪ್ ಎಂಬ ಸದ್ದು ಕಿವಿಯಲ್ಲಿ ಸ್ಪಷ್ಟವಾಗಿತ್ತು. ಆದರೆ ಅದು ಇವತ್ತಿನ ಸದ್ದೋ ಹೋದ ವರ್ಷದ್ದೋ? ಕರೆಂಟ್ ಇಲ್ಲದಿದ್ದರೆ ಆ ಚಾರ್ಜರ್ ಬರೀ ಡಬ್ಬಿ.

ಅಂದು ಸಂಜೆ ಡೈರಿಯಲ್ಲಿ 'ಆರಿಸಿದೆ' ಎಂದು ಬರೆದು, ಹೊಡೆದುಹಾಕಿ, 'ಆರಿಸಿಲ್ಲ' ಎಂದು ಬರೆದೆ. ಎರಡರಲ್ಲಿ ಯಾವುದು ನೆನಪು, ಯಾವುದು ಆಸೆ ಎಂದು ಈಗಲೂ ಆ ಪುಟ ನೋಡಿ ಹೇಳಲಾರೆ. ಹೆಂಡತಿಯನ್ನು ಕೇಳಬಹುದಿತ್ತು. ಕೇಳಿದರೆ ಸೋತಂತೆ ಎಂದುಕೊಂಡು ನಲವತ್ತು ದಿನವೂ ಕೇಳಲಿಲ್ಲ.

ಆದೋನಿಗೆ ಮರಳಿದಾಗ ಚಪ್ಪಲಿ ಬಿಡುವ ಮುಂಚೆಯೇ ಪಡಸಾಲೆಗೆ ಹೋದೆ. ಧೂಳು ಹೊದ್ದ ಬೈಕಿನ ಪಕ್ಕದಲ್ಲಿ ಪುಟ್ಟ ಹಸಿರು ದೀಪ. ಗುಂಡಿ ಒತ್ತಿದೆ. ಒಂದೇ ಸಲಕ್ಕೆ ಶುರುವಾಯಿತು. ಅಲ್ಲೇ ಹೊಸ್ತಿಲ ಮೇಲೆ ಕುಳಿತೆ.

"ಮೇನ್ ಆರಿಸಿರಲೇ ಇಲ್ಲ ನಾನು!" ಎಂದು ಕೂಗಿದೆ.

"ಆರಿಸಿದ್ರಿ" ಎಂದಳು ಅವಳು, ಗ್ಯಾಸಿನ ತಿರುಪು ತಿರುಗಿಸುತ್ತಾ. "ಡಬ್ಬಿ ತರಾಕ ಬಂದಾಗ ನೋಡಿದೆ, ಮ್ಯಾಲೆತ್ತಿ ಬಂದೆ."

"ಗಾಡಿ ಮಾರಬೇಕು ಅಂದಾಕಿ ನೀನು!"

"ಬ್ಯಾಟರಿ ಸತ್ರ ಮಾರೋಣು ಅಂದಿದ್ದೆ. ಕೊಂದು ಮಾರೋಣು ಅಂದಿದ್ನೇನು?"

"ಮತ್ತ ಬಳ್ಳಾರಿಯಾಗ ಒಂದ್ ಮಾತು ಹೇಳಬಾರ್ದಿತ್ತೇನು?"

ಅವಳು ತಿರುಗಿ ನನ್ನ ಮುಖವನ್ನೇ ನೋಡಿದಳು. "ಅಂದ್ರ ಅಲ್ಲಿ ಅಷ್ಟು ದಿನ ಮಕ ಸಣ್ಣದು ಮಾಡ್ಕಂಡು ಕುಂತಿದ್ದು ಇದಕ್ಕೇನು? ಅಕ್ಕನ ಕಾಲಿನ ಚಿಂತಿ ಅನ್ಕಂಡಿದ್ನೆಲ್ರೀ ನಾನು!"

ಅಕ್ಕನೂ ಹಾಗೆಯೇ ತಿಳಿದಿದ್ದರು. ದಿನಾ ನನ್ನ ರೊಟ್ಟಿಗೆ ಒಂದು ಚಮಚ ತುಪ್ಪ ಹೆಚ್ಚು ಹಾಕಿಸುತ್ತಿದ್ದರು. ನಾನು ಬೇಡವೆಂದದ್ದು ನೆನಪಿಲ್ಲ.