ಡಿಪೋ ಮೆಟ್ಟಿಲ ಮೇಲೆ ಕೂತವಳು

ಉಗುರುಗಳನ್ನು ಕಲ್ಲಿಗೆ ಉಜ್ಜಿ ಉಜ್ಜಿ ಸವೆಸಿಕೊಂಡಿದ್ದ ಅವಳ ಬೆರಳ ತುದಿಗಳು ಬೋಳಾಗಿದ್ದವು. ಹುಟ್ಟುವ ಕೂಸಿಗೆ ಗೀರಬಾರದಲ್ಲ, ಅದಕ್ಕೆ. ಆ ಕೈಗಳಿಂದ ಸದಾ ಹರಳೆಣ್ಣೆಯ ವಾಸನೆ. ದೇವರಾಯಸಮುದ್ರದ ಸುತ್ತಲಿನ ಹೆಂಗಸರಿಗೆಲ್ಲ ಹೆರಿಗೆ ಮಾಡಿಸಿದ ಆ ಸೂಲಗಿತ್ತಿಯನ್ನು ನಾವು ಅವ್ವ ಎನ್ನುತ್ತಿದ್ದೆವು. ಅವಳು ನಮ್ಮನ್ನೆಲ್ಲ ತೆಲುಗಿನಲ್ಲಿ ‘ಏಮೇ’ ಎಂದು ಏಕವಚನದಲ್ಲೇ ಕರೆಯುತ್ತಿದ್ದಳು, ಗೌಡರ ಸೊಸೆಯನ್ನೂ. ಅವಳ ಬಾಯಿಗೆ ಹೆದರದವರು ಊರಲ್ಲಿ ಯಾರೂ ಇರಲಿಲ್ಲ.

ಅದು ಯುದ್ಧದ ಕಾಲ. ರಾಗಿ ರೇಷನ್ನಿನಲ್ಲಿ ಸಿಗುತ್ತಿತ್ತು, ಅದೂ ಅರೆಹೊಟ್ಟೆಗೆ. ಮುಳಬಾಗಿಲಿನ ರೇಷನ್ ಡಿಪೋದಲ್ಲಿ ಎದೆಹಾಲಿಲ್ಲದ ಬಡ ಬಾಣಂತಿಯರಿಗೆ ಹಾಲಿನ ಪುಡಿಯ ಡಬ್ಬಿಯನ್ನು ಧರ್ಮಕ್ಕೆ ಕೊಡುತ್ತಿದ್ದರು. ಹಾಲಿದ್ದವಳಿಗೆ ಒಂದು ಹಿಡಿ ರಾಗಿಯೂ ಹೆಚ್ಚಿಗೆ ಇಲ್ಲ. ಎಂಥ ಕಾನೂನು! ಊರಿನ ಬಾಣಂತಿಯರು ಒಬ್ಬರ ಹಿಂದೊಬ್ಬರು ಹಾಲು ಬತ್ತಿತೆಂದು ಹೇಳಿ ಡಬ್ಬಿ ತಂದರು. ಅತ್ತೆಯ ಮಾತು ಕೇಳಿ ನಾನೂ ತಂದೆ. ಅರ್ಧ ಪುಡಿ ಮನೆಯವರ ಕಾಫಿಗೆ ಹೋಯಿತು. ಉಳಿದದ್ದನ್ನು ನೀರು ನೀರಾಗಿ ಕಲಸಿ ಮಗಳಿಗೆ ಕುಡಿಸಿದೆ. ಭೇದಿ ಹತ್ತಿ ಅವಳ ಕಣ್ಣುಗಳು ಗುಳಿಬಿದ್ದವು. ಕುಡಿಸದೆ ಬಿಟ್ಟ ನನ್ನ ಎದೆಯೂ ನಿಜಕ್ಕೂ ಬತ್ತತೊಡಗಿತು.

ಅವ್ವ ಬಂದವಳೇ ಬಟ್ಟಲಿನ ಹಾಲನ್ನು ಹಿತ್ತಿಲಿಗೆ ಚೆಲ್ಲಿದಳು.

“ಚೀಪಿಸು ಕಣೇ. ಚೀಪಿದಷ್ಟೂ ಹಾಲಿಳೀತದೆ.”

“ನನ್ನ ಹೊಟ್ಟೆಗೇ ಇಲ್ವಲ್ಲವ್ವಾ,” ಎಂದು ನಾನು ಗೋಳಾಡಿದೆ.

“ಅದನ್ನ ನನ್ನತ್ರ ಯಾಕೆ ಅಳ್ತೀಯ? ಕೊಡೋರ ಹತ್ರ ಕೇಳೋಣ.”

ಎರಡು ದಿನ ನಮ್ಮ ಮನೆಯಲ್ಲೇ ಬೀಡುಬಿಟ್ಟು, ನನಗೆ ಸಬ್ಬಸಿಗೆ ಸೊಪ್ಪಿನ ಸಾರು ಉಣ್ಣಿಸಿ, ಗಳಿಗೆಗೊಮ್ಮೆ ಮಗಳನ್ನು ಎದೆಗೆ ಹಚ್ಚಿಸಿದಳು. ಭೇದಿ ನಿಂತಿತು. ರೇಷನ್ನಿನ ದಿನ ನಮ್ಮೂರ ಏಳು ಬಾಣಂತಿಯರನ್ನು ಮುಳಬಾಗಿಲಿಗೆ ನಡೆಸಿಕೊಂಡು ಹೋಗಿ, ಡಿಪೋ ಮೆಟ್ಟಿಲ ಮೇಲೆ ಸಾಲಾಗಿ ಕೂರಿಸಿ, “ಕುಡಿಸ್ರೇ” ಎಂದಳು. ಯಾರೂ ಒಳಗೆ ಹೋಗುವಂತಿಲ್ಲ, ಹೊರಗೆ ಬರುವಂತಿಲ್ಲ.

“ಏನಮ್ಮಾ ಇದು ಅಸಹ್ಯ! ಏಳ್ರಮ್ಮಾ!” ಗುಮಾಸ್ತ ಕೂಗಾಡಿದ. “ಹಾಲಿದ್ದೋರ್ಗೆ ಕೊಡೋಕೆ ರೂಲ್ಸಿಲ್ಲ.”

“ರೂಲ್ಸ್ ಬರೆದೋನೇನು ಡಬ್ಬಿ ಹಾಲು ಕುಡ್ದು ಬೆಳೆದ್ನಾ ಸ್ವಾಮಿ? ಕರೆಯೋ ಹಸೂಗೆ ಹಿಂಡಿ ಹಾಕಲ್ವಾ ನೀವು? ಇವ್ರಿಗೂ ರಾಗಿ ಹಾಕಿ.”

ಕೊನೆಗೆ ತಾಲ್ಲೂಕಿನ ಅಮಲ್ದಾರರು ಬಂದು, ತಲೆಗೊಂದು ಸೇರು ರಾಗಿ ಅಳೆಸಿ ನಮ್ಮನ್ನು ಎಬ್ಬಿಸಿದರು. ರೂಲ್ಸು ಮಾತ್ರ ಬದಲಾಗಲಿಲ್ಲ. ಹಾಗಾಗಿ ಮುಂದಿನ ವಾರ ಮತ್ತೆ ಕೂತೆವು. ಅದರ ಮುಂದಿನ ವಾರವೂ. ನಮ್ಮ ಮನೆಗೆ ಇನ್ನೊಂದು ಡಬ್ಬಿ ಬರಲಿಲ್ಲ; ಮಗಳ ಕೆನ್ನೆ ತುಂಬಿಕೊಂಡಿತು.

ಆ ಚಳಿಗಾಲದಲ್ಲಿ ಅವ್ವ ಜ್ವರ ಬಂದು ತೀರಿಕೊಂಡಳು. ನನ್ನ ಹೆತ್ತ ತಾಯಿಗೂ ನಾನು ಅಷ್ಟು ಅತ್ತಿಲ್ಲ. ನಾಲ್ಕನೇ ದಿನ ರೇಷನ್ನು. ಹೋದೆವು.

“ಮುದುಕಿ ಹೋದ್ಲಂತಲ್ಲ,” ಗುಮಾಸ್ತ ನಕ್ಕ. “ಇನ್ನು ಮನೆಗೆ ನಡೀರಮ್ಮಾ.”

ಉಳಿದ ಆರು ಜನ ನನ್ನ ಮುಖ ನೋಡಿದರು. ನಾನು ಬಾಗಿಲಿಗೆ ಅಡ್ಡಲಾಗಿ ಕೂತು ಮಗಳನ್ನು ಮಡಿಲಿಗೆ ಎಳೆದುಕೊಂಡೆ.

“ರಾಗಿ ಅಳೀರಿ ಸ್ವಾಮಿ,” ಎಂದೆ.