ತೊಳೆದ ಎಲೆಗಳು

ಗಂಡ ಇದ್ದಾಗ ಬಲೆಯಕ್ಕನಿಗೆ ಅವನ ಕೈ ಕಂಡರೆ ಆಗುತ್ತಿರಲಿಲ್ಲ. ಅವಳು ಮನೆಯಲ್ಲಿ ಹೊಲಿದ ಬಲೆಚೀಲಕ್ಕೆ ಕಾಡಿನ ಎಲೆ ತುಂಬಿ ಹೊಳೆಯಲ್ಲಿ ಮುಳುಗಿಸುವುದು, ಕೆಲವು ವಾರ ಬಿಟ್ಟು ಎತ್ತಿ ಸಂಶೋಧನಾ ಕೇಂದ್ರಕ್ಕೆ ತರುವುದು ಅವನ ಕೆಲಸ. ಸಂಜೆ ಬಂದರೆ ಉಗುರಿನ ಸಂದಿಯೆಲ್ಲ ಲೋಳೆ. ಕೈ ತೊಳೆಯದಿದ್ದರೆ ತಟ್ಟೆ ಇಡುವುದಿಲ್ಲ ಎಂದು ಬಾಗಿಲಲ್ಲೇ ತಡೆಯುತ್ತಿದ್ದಳು. ನಗುತ್ತಾ ನಲ್ಲಿಯ ಹತ್ತಿರ ಹೋಗುತ್ತಿದ್ದ.

ಜ್ವರ ಬಂದು ಹೋಗಿಬಿಟ್ಟ. ಮನೆ ಈಗ ಚೊಕ್ಕಟ. ಅದನ್ನು ನೋಡಿದರೇ ಅಳು ಬರುತ್ತದೆ.

ಆ ಕೆಲಸ ನನಗೇ ಕೊಡಿ ಎಂದು ಕೇಂದ್ರದ ಮೇಡಂ ಮುಂದೆ ನಿಂತಳು. ನಿನ್ನ ಗಂಡ ಮುಳುಗಿಸಿಟ್ಟ ಚೀಲ ಹೊಳೆಯಲ್ಲಿ ಹಾಗೇ ಇವೆ, ಸರಿಯಾಗಿ ತಂದುಕೊಟ್ಟರೆ ಕೆಲಸ ನಿನ್ನದು ಅಂದರು ಮೇಡಂ. ಎಲೆ ಒಣಗಿಸಿ ತೂಗುವ ತಕ್ಕಡಿಯಣ್ಣ ಮೂಗು ಮುರಿದ. ತರೋದು ನನಗೆ ಬಿಡಿ, ನೀವು ತೂಗಿ ಅಂದಳು.

ಹೊಳೆಯ ಕಲ್ಲಿನ ಮೇಲೆ ಜಾರಿ ಮೊಣಕಾಲು ತರಚಿತು. ಒಂದು ಚೀಲವನ್ನೂ ಬಿಡದೆ ತಂದಳು. ಆದರೆ ಆ ಲೋಳೆ! ಅಂಥದ್ದನ್ನು ಮೇಡಂ ಕೈಗೆ ಕೊಡುವುದು ಹೇಗೆ? ಕೇಂದ್ರದ ಹಿತ್ತಿಲಲ್ಲಿ ಬಕೆಟ್ ತುಂಬ ನೀರು ಹಿಡಿದು, ಒಂದೊಂದೇ ಎಲೆ ಉಜ್ಜಿದಳು. ಎಲೆ ಫಳಫಳ ಅಂದವು. ನೀರು ಚೆಲ್ಲುವ ಚಾಳಿ ಅವಳದಲ್ಲ. ಹೂವಿನ ಕುಂಡಗಳಿಗೆ ಆಗುತ್ತದೆ ಎಂದು ಬಕೆಟ್ಟನ್ನು ಮುಚ್ಚಿಟ್ಟಳು.

ಎಲೆ ನೋಡಿ ಮೇಡಂ ಕುರ್ಚಿಯಲ್ಲಿ ಕುಸಿದರು.

“ಇದರ ಮೇಲಿದ್ದ ಲೋಳೆ ಎಲ್ಲಿ ಹೋಯ್ತಮ್ಮ?”

“ತೊಳೆದೆ.”

“ಯಾರು ಹೇಳಿದ್ದು?”

“ಯಾರೂ ಇಲ್ಲ. ಗಲೀಜಿತ್ತು.”

“ಇನ್ನು ಇಸ್ತ್ರಿ ಒಂದು ಬಾಕಿ,” ಅಂದ ತಕ್ಕಡಿಯಣ್ಣ.

ಮೇಡಂ ನಗಲಿಲ್ಲ. ಮಳೆ ಬಂದಾಗ ಕಾಡಿನ ಮಣ್ಣಿನಿಂದ ಸಾರಜನಕ ಕೊಚ್ಚಿಕೊಂಡು ಹೊಳೆಗೆ ಬರುತ್ತದೆ, ಅದು ಗಿಡಮರದ ಗೊಬ್ಬರದ ಸತ್ವ, ಉದುರಿದ ಎಲೆ ಅದನ್ನು ಹೊಳೆಯಲ್ಲಿ ಹಿಡಿದಿಡುತ್ತದಾ ಎಂದು ನೋಡಲಿಕ್ಕೇ ಈ ಚೀಲ ಅಂದರು. ಲೋಳೆ ಅಂದರೆ ಕೊಳೆಯಲ್ಲ, ಕಣ್ಣಿಗೆ ಕಾಣದ ಜೀವಿಗಳು. ಅದೇ ಹೋದರೆ ಅಳೆಯುವುದೇನು?

ಬಲೆಯಕ್ಕನಿಗೆ ಕೆಲಸ ಹೋಯಿತು ಅನ್ನಿಸಿತು. ಗಂಡ ಕೊನೆಯದಾಗಿ ಕಟ್ಟಿದ ಚೀಲಗಳನ್ನು ತನ್ನ ಕೈಯಾರೆ ಹಾಳು ಮಾಡಿದ್ದಳು.

“ಚೆಲ್ಲಿಲ್ಲ,” ಅಂದಳು. “ಬಕೆಟ್ಟಿನಲ್ಲಿದೆ.”

ಮೇಡಂ ಚಪ್ಪಲಿ ಹಾಕದೆ ಹಿತ್ತಿಲಿಗೆ ಓಡಿದರು.

ಎಲೆ ಬೇರೆ, ಬಕೆಟ್ ನೀರು ಬೇರೆ ಅಳೆದರು. ನಲ್ಲಿ ನೀರಿನಲ್ಲೇ ಇದ್ದ ಸಾರಜನಕದ ಲೆಕ್ಕ ಕಳೆದರು. ವಾರ ಕಳೆದ ಮೇಲೆ ಅವಳನ್ನು ಕರೆಸಿದರು. ತೊಳೆದ ಎಲೆಯಲ್ಲಿ ಸಾರಜನಕ ಸ್ವಲ್ಪವೇ, ಲೋಳೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಇಷ್ಟು ವರ್ಷ ಎರಡನ್ನೂ ಕೂಡಿಸಿಯೇ ಅಳೆಯುತ್ತಿದ್ದರಂತೆ. ಹೊಳೆಯಲ್ಲಿ ಸತ್ವ ಹಿಡಿದಿಡುವುದು ಲೋಳೆಯೇ ಎಂದು ಈಗ ಬಿಡಿಸಿ ಹೇಳಬಹುದಂತೆ. ಇನ್ನು ಮುಂದೆ ಅರ್ಧದಷ್ಟು ಚೀಲಗಳ ಎಲೆ ತೊಳಿ, ಉಳಿದದ್ದು ಹಾಗೇ ತಾ ಅಂದರು. ಕೆಲಸ ಅವಳದೇ ಆಯಿತು.

“ನಮ್ಮವರ ಕೈಯಲ್ಲಿ ಇರ್ತಿದ್ದದ್ದೂ ಇದೇನಾ?” ಬಲೆಯಕ್ಕ ಕೇಳಿದಳು.

“ಇದೇ.”

ತಕ್ಕಡಿಯಣ್ಣ ತಾನಾಗಿ ಎದ್ದು ಅವಳಿಗೆ ಸ್ಟೂಲು ಸರಿಸಿದ.

ಮುಂದಿನ ಸಲ ಹೊಳೆಯಿಂದ ಮನೆಗೆ ಬಂದಾಗ ಉಗುರಿನ ಸಂದಿಯೆಲ್ಲ ಲೋಳೆ. ಅಭ್ಯಾಸಬಲದಿಂದ ಬಾಗಿಲಲ್ಲಿ ನಿಂತಳು. ಕೈ ನೋಡಿಕೊಂಡಳು. ಅವನು ಹೋದ ಮೇಲೆ ಮೊದಲ ಸಲ ನಕ್ಕಳು. ಹಾಗೇ ಒಳಗೆ ಹೋಗಿ ತಟ್ಟೆ ಇಟ್ಟುಕೊಂಡಳು.